ಯಾದಗಿರಿಗೆ ಭೀಮಾ ಮ್ಯಾಲ ಇನ್ನೊಂದು ಸೇತುವೆ: ಬರೇ ಸೇತುವೆನಾ, ಬ್ರಿಡ್ಜ್ ಕಂ ಬ್ಯಾರೇಜಾ?

ಸಗರನಾಡಿನವ
ಜಿಲ್ಲಾದಾಗ ಆರು ತಾಲ್ಲೂಕು. ಶಹಾಪುರ, ಸುರಪುರ, ಹುಣಸಗಿ, ವಡಗೇರಾ ನಾಲ್ಕೂ ಭೀಮಾದ ಆಚೆ ದಂಡಿಗೆ. ಡಿಸಿ ಆಫೀಸು, ರೈಲ್ವೆ ಸ್ಟೇಷನ್, ದೊಡ್ಡ ದವಾಖಾನಿ ಎಲ್ಲಾ ಈಚೆ ದಂಡಿಗೆ. 2009ರ ಡಿಸೆಂಬರ್ 30ಕ್ಕ ಜಿಲ್ಲಾ ಆದಾಗಿಂದ ನದಿ ದಾಟೋ ಮಂದಿ, ಗಾಡಿ ಎರಡೂ ಹೆಚ್ಚಾಗ್ಯಾವ. ಈಗ ಊರ ಗ್ರೂಪಿನಾಗ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಗುರುಸಣಗಿ, ಸನ್ನತಿ ಹಂಗ ಬ್ರಿಡ್ಜ್ ಕಂ ಬ್ಯಾರೇಜ್, ಅಂದ್ರ ಗೇಟ್ ಹಾಕಿ ನೀರೂ ನಿಲ್ಲಿಸೋ ಸೇತುವೆ ಆಗ್ಲಿ ಅಂತಾರ. ಇನ್ನೊಬ್ಬರಿಗೆ ಸಿಗಂದೂರಿನ ಹಂಗ ಕೇಬಲ್ ಸೇತುವೆನೇ ಬೇಕು. ಮತ್ತೊಬ್ಬರು ಹೊಸಾದು ಬ್ಯಾಡ, ಇದ್ದ ಸೇತುವೆಗಳ ಜಾಯಿಂಟ್ (ಸ್ಲ್ಯಾಬುಗಳ ನಡುವಿನ ಸಂದು) ಮೊದಲ ರಿಪೇರಿ ಮಾಡ್ರಿ ಅಂತಾರ. ಕೆಲಸ ಗೊತ್ತಿದ್ದೋರು ಹೇಳ್ರಿ: ಎತ್ತರ ಎಷ್ಟಿರಬೇಕು, ಉದ್ದ ಎಷ್ಟು, ಬ್ಯಾರೇಜ್ ಕೂಡಿಸಿದ್ರ ಲಾಭನಾ, ನಷ್ಟನಾ? ಪಾರ್ಟಿ ಮಾತು ಬ್ಯಾಡ.

ಗರ್ಡರ್ ಗೌಡ್ರು
ಎತ್ತರದಿಂದ ಶುರು ಮಾಡೋಣ, ಜಗಳ ಎಲ್ಲಾ ಅಲ್ಲೇ ಅದ. ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕ ನೀರು ಎಲ್ಲಿತನಕ ಏರ್ತದ, ಅದು ಎಚ್‌ಎಫ್‌ಎಲ್. ಅದರ ಮ್ಯಾಲ ಸೇತುವೆ ಕಂಬಗಳು ನೀರಿಗೆ ಅಡ್ಡ ನಿಂತದ್ದಕ್ಕ ಏರೋ ಮಟ್ಟ, 0.3 ಮೀಟರ್ ಅಂತ ಹಿಡೀರಿ. ಅದರ ಮ್ಯಾಲ ಗರ್ಡರ್ (ರಸ್ತೆ ಹೊರೋ ತೊಲಿ) ತಳಕ್ಕ ಬಿಡಬೇಕಾದ ಜಾಗ. ಹರಿವು ಸೆಕೆಂಡಿಗೆ 3,000 ಘನ ಮೀಟರ್ ದಾಟಿದ್ರ ಐಆರ್‌ಸಿ ಅಂದ್ರ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರ 5ನೇ ನಿಯಮಪುಸ್ತಕದ ಪ್ರಕಾರ 1.5 ಮೀಟರ್ ಬಿಡಬೇಕು. ಭೀಮಾ ಆ ಲೆಕ್ಕಕ್ಕ ಬರ್ತದ. ಆಮ್ಯಾಲ 30 ಮೀಟರ್ ಸ್ಪ್ಯಾನಿಗೆ (ಎರಡು ಕಂಬದ ನಡುವಿನ ಅಂತರ) ಗರ್ಡರ್ ಎತ್ತರ ಸುಮಾರು 2 ಮೀಟರ್, ಸ್ಲ್ಯಾಬ್ 240 ಮಿ.ಮೀ., ಡಾಂಬರ್ 65 ಮಿ.ಮೀ.

ಕೂಡಿಸಿ ನೋಡ್ರಿ: ಎಚ್‌ಎಫ್‌ಎಲ್‌ಗಿಂತ ರಸ್ತೆ ಸುಮಾರು 4.1 ಮೀಟರ್ ಮ್ಯಾಲ. "ಇನ್ನೊಂದು ಮೀಟರ್ ಇಳಿಸ್ರಿ, ರೊಕ್ಕ ಉಳೀತದ" ಅಂತ ಯಾರರೆ ಅಂದ್ರ ಈ ಐದರಾಗ ಯಾವುದನ್ನ ಕಡಿಮೆ ಮಾಡ್ತೀರಿ ಅಂತ ಕೇಳ್ರಿ. ಸಾಮಾನ್ಯವಾಗಿ ಕೈ ಹಾಕೋದು ಆ 1.5 ಮೀಟರಿಗೆ. ತೇಲಿ ಬರೋ ಜಾಲಿ ಗಿಡ, ಬೊಡ್ಡಿ, ಕಸ ಎಲ್ಲಾ ದಾಟಿ ಹೋಗ್ಲಿ ಅಂತ ಬಿಟ್ಟ ಜಾಗ ಅದು. ಅದಿಲ್ಲಂದ್ರ ಗರ್ಡರಿಗೇ ಸಿಕ್ಕೊಂಡು ಸೇತುವೆನೇ ಒಡ್ಡಾಗ್ತದ.

ಶಹಾಪುರ ಪೇಟಿ
ಅಂದ್ರ ಕೃಷ್ಣಾ ಮ್ಯಾಲಿನ ಕೊಳ್ಳೂರ ಸೇತುವೆ ಕಟ್ಟಿದೋರಿಗೆ ಈ ಲೆಕ್ಕ ಬರ್ತಿರಲಿಲ್ಲೇನು? ಬಸವಸಾಗರದಿಂದ ನೀರು ಬಿಟ್ರ ಸಾಕು, ದೇವದುರ್ಗ ರಸ್ತಾ ಬಂದ್.

ಗರ್ಡರ್ ಗೌಡ್ರು
@ಶಹಾಪುರ ಪೇಟಿ, ಮುಳುಗೋ ಸೇತುವೆ ಎಲ್ಲಾ ತಪ್ಪು ಲೆಕ್ಕದ್ದಲ್ಲರಿ. ವರ್ಷಕ್ಕ ನಾಲ್ಕಾರು ದಿನ ಮುಳುಗಿದ್ರ ನಡೀತದ ಅಂತ ಬೇಕಂತಲೇ ಕೆಳಗ ಕಟ್ಟೋ ಪದ್ಧತಿ ಅದ, ಐಆರ್‌ಸಿಯವರು ಅದಕ್ಕೇ ಬ್ಯಾರೆ ಮಾರ್ಗಸೂಚಿ ಮಾಡ್ಯಾರ. ಹಂಗ ಕಟ್ಟಿದಾಗ ಕಟಕಟೆ ಗಟ್ಟಿ ಗ್ವಾಡಿ ಇರಬಾರದು, ಕಳಚಿ ಇಡೋ ಪೈಪಿಂದು ಇಲ್ಲಾ ಗಿಡ್ಡ ಗೂಟ ಇರಬೇಕು. ಸ್ಲ್ಯಾಬಿನ ಕೆಳಗ ಗಾಳಿ ಸಿಕ್ಕೊಂಡ್ರ ನೀರು ಸೇತುವೆನ್ನ ಮ್ಯಾಲಕ್ಕ ಎತ್ತತದ, ಅದಕ್ಕ ಗಾಳಿ ಹೋಗೋ ತೂತು ಬಿಡಬೇಕು. ಸ್ಲ್ಯಾಬನ್ನ ಕಂಬಕ್ಕ ಸರಳು ಹಾಕಿ ಕಟ್ಟಬೇಕು. ಹಳ್ಳಿ ರಸ್ತೆಗೆ ಇದು ಸರಿ. ಜಿಲ್ಲಾ ಕೇಂದ್ರದ ಬಾಗಿಲಿಗೆ ಸರಿಯಲ್ಲ.

ಹಗರಟಗಿ
ಒಂದು ತಿದ್ದುಪಡಿ. ಎಚ್‌ಎಫ್‌ಎಲ್ ಅಂದ್ರ ದಂಡಿ ಮ್ಯಾಗಿನ ಗುಡಿ ಗ್ವಾಡಿಗೆ ಹತ್ತಿದ ರಾಡಿ ಗುರುತು ಅಷ್ಟೇ ಅಲ್ಲ. ಯಾದಗಿರಿಯಾಗೇ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅದ, ಭೀಮಾದ ಮಟ್ಟ, ಹರಿವು ಎರಡೂ ದಾಖಲಾಗ್ತಾವ. ಅದನ್ನೂ ಊರವರು ತೋರಿಸೋ ಗುರುತನ್ನೂ ಕೂಡಿಸಿ ನೋಡ್ಬೇಕು. ಮತ್ತ ಕೆಳಗ ಸಂಗಮದ ಕಡಿ ಬಂದಷ್ಟೂ ಇನ್ನೊಂದು ಕಾಟ: ಕೃಷ್ಣಾ ತುಂಬಿದ್ದಾಗ ಭೀಮಾದ ನೀರು ಇಳಿಯೋದೇ ಇಲ್ಲ, ಹಿಂದಕ್ಕ ಒತ್ತರಿಸ್ತದ. ಅಲ್ಲಿ ಬರೇ ಭೀಮಾದ ಹರಿವು ಹಿಡಿದು ಎತ್ತರ ಲೆಕ್ಕ ಹಾಕಿದ್ರ ತಪ್ಪುತದ.

ಸಗರನಾಡಿನವ
ಉದ್ದದ್ದು ಯಾರೂ ಹೇಳಲಿಲ್ಲಲ್ಲ.

ಹಗರಟಗಿ
ಉದ್ದಕ್ಕ ಲೇಸಿ ಸೂತ್ರ ಅಂತ ಅದ: ಹರಿವಿನ ವರ್ಗಮೂಲಕ್ಕ 4.8ರಿಂದ ಗುಣಿಸಬೇಕು. ಉದಾಹರಣೆಗೆ 6 ಲಕ್ಷ ಕ್ಯೂಸೆಕ್ ಹಿಡೀರಿ. ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಘನ ಅಡಿ, 35.3ರಿಂದ ಭಾಗಿಸಿದ್ರ ಸೆಕೆಂಡಿಗೆ ಸುಮಾರು 17,000 ಘನ ಮೀಟರ್. ವರ್ಗಮೂಲ 130. ಗುಣಿಸಿದ್ರ 626 ಮೀಟರ್. 3 ಲಕ್ಷಕ್ಕ ಇದೇ ಲೆಕ್ಕ 442 ಮೀಟರ್. ನೀರು ಅರ್ಧ ಆದ್ರ ಸೇತುವೆ ಅರ್ಧ ಆಗೋದಿಲ್ಲ, ಇದನ್ನ ಸಭೆಯಾಗ ಕೂತೋರು ಮೊದಲ ತಿಳ್ಕೋಬೇಕು.

ಫರಸಿಕಲ್ಲು
ಲೇಸಿ ಸೂತ್ರ ಉಸುಕು-ಮಣ್ಣಿನ ತಳದ ನದಿಗೆ. ಯಾದಗಿರಿ ಕೋಟೆ ನಿಂತದ್ದೇ ಗ್ರಾನೈಟ್ ಗುಡ್ಡದ ಮ್ಯಾಲ, ಇಲ್ಲಿ ಬಂಡಿಗಲ್ಲು ಸಿಗೋ ಕಡಿ ದಂಡಿಯಿಂದ ದಂಡಿಗೆ ನೀರು ಎಷ್ಟು ಅಗಲ ನಿಲ್ತದ, ಅದೇ ಉದ್ದ. ಸೂತ್ರ ಬರೇ ತಾಳೆ ನೋಡಾಕ.

ತಳದ ಮಾತು ಬಂತಂದ್ರ: ಗಟ್ಟಿ ಬಂಡಿ ಸಿಕ್ರ ಅಡಿಪಾಯ ಅದರೊಳಗ ಕನಿಷ್ಠ 0.6 ಮೀಟರ್ ಇಳೀಬೇಕು, ಮೆತ್ತನ ಬಂಡಿ ಆದ್ರ 1.5 ಮೀಟರ್. ಆದ್ರ ಮ್ಯಾಲಕ್ಕ ಶಹಾಬಾದ್, ಚಿತ್ತಾಪುರ ಕಡಿ ಹೋದ್ರ ಬಂಡಿ ಬ್ಯಾರೆ, ಅದು ಸುಣ್ಣದ ಕಲ್ಲು. ನೀರಿಗೆ ಕರಗಿ ಒಳಗ ಪೊಳ್ಳಾಗಿರ್ತದ. ಮ್ಯಾಲೊಂದು ಮೀಟರ್ ಗಟ್ಟಿ ಪದರ, ಕೆಳಗ ಪೊಳ್ಳು. ಅದಕ್ಕ ಪ್ರತಿ ಕಂಬದ ಜಾಗದಾಗೂ ಬೋರ್ ಹಾಕಿ, ಅಡಿಪಾಯದ ತಳಕ್ಕಿಂತ ಇನ್ನೂ ನಾಲ್ಕೈದು ಮೀಟರ್ ಕೆಳಗ ಕೋರ್ ತೆಗೆದು ನೋಡ್ಬೇಕು. ಎರಡು ಕಂಬ ಬಿಟ್ಟು ಒಂದಕ್ಕ ಬೋರ್ ಹಾಕಿ ನಡುವಿಂದು "ಹಂಗೇ ಇರ್ತದ" ಅಂದ್ರ ಕೆಲಸ ಅರ್ಧಕ್ಕ ಬಂದಾಗ ಡಿಸೈನ್ ಬದಲಾಗ್ತದ, ಒಂದು ಬ್ಯಾಸಗಿ ಹಾಳು.

ಕೇಬಲ್ ಪ್ರೇಮಿ
ಇಷ್ಟೆಲ್ಲಾ ಕಂಬದ ತಲಿಬ್ಯಾನಿ ಯಾಕ? ಸಿಗಂದೂರಿನ ಹಂಗ ಕೇಬಲ್ ಹಾಕ್ರಿ, ಊರಿಗೂ ಒಂದು ಗುರುತಾಗ್ತದ. ರಾತ್ರಿ ಲೈಟ್ ಹಾಕಿದ್ರ ನೋಡಾಕ ಮಂದಿ ಬರ್ತಾರ.

ಗರ್ಡರ್ ಗೌಡ್ರು
ತಮ್ಮಾ, ಸಿಗಂದೂರಿನಾಗ ಕೇಬಲ್ ಯಾಕ ಹಾಕ್ಯಾರ? ಅದು ಲಿಂಗನಮಕ್ಕಿ ಹಿನ್ನೀರು. ವರ್ಷವಿಡೀ ಆಳ ನೀರು, ಒಂದೊಂದು ಕಂಬ ಇಳಿಸೋದೂ ತುಟ್ಟಿ. ಕಂಬ ಕಡಿಮಿ ಆಗ್ಲಿ ಅಂತ ನಡುವಿನ ಸ್ಪ್ಯಾನ್ ಉದ್ದ ಮಾಡಿದ್ರು, ಉದ್ದ ಆದದ್ದಕ್ಕ ಕೇಬಲ್ ಬಂತು. ಸುಮಾರು 2.4 ಕಿ.ಮೀ. ಉದ್ದದ ಆ ಸೇತುವೆ 2025ರ ಜುಲೈ 14ಕ್ಕ ಉದ್ಘಾಟನೆ ಆಯ್ತು. ಅದರಾಗೂ ಕೇಬಲ್ ಇರೋದು ನಡುಭಾಗಕ್ಕ ಅಷ್ಟೇ, ಪೂರಾ ಉದ್ದಕ್ಕಲ್ಲ.

ಭೀಮಾದಾಗ ಬ್ಯಾಸಗಿಗೆ ಕಂಬದ ಜಾಗಕ್ಕ ಟಿಪ್ಪರ್ ಓಡಿಸಬಹುದು. ಇಲ್ಲಿ 30-40 ಮೀಟರಿನ ಗರ್ಡರ್ ಸೋವಿ. 30 ಮೀಟರಿನ ಒಂದು ಗರ್ಡರ್ ಸುಮಾರು 55 ಟನ್, ದಂಡಿ ಮ್ಯಾಲ ಎರಕ ಹೊಯ್ದು ಎರಡು ಕ್ರೇನಿನಾಗ ಎತ್ತಿ ಇಡ್ತಾರ. ಕೇಬಲಿಗೆ ಮುಂದ ತಪಾಸಣೆ, ತುಕ್ಕು ತಡೆ, ಎಳೆತದ ಅಳತೆ, ಎಲ್ಲಾದಕ್ಕೂ ಬ್ಯಾರೆ ಊರಿಂದ ಮಂದಿ ಬರ್ಬೇಕು. ಜಾಯಿಂಟಿನ ರಬ್ಬರ್ ಬದಲಿ ಮಾಡಾಕೇ ಟೆಂಡರ್ ಆಗದ ಕಡಿ ಕೇಬಲ್ ನೋಡ್ಕೊಳ್ಳೋರು ಯಾರು?

ಕೇಬಲ್ ಪ್ರೇಮಿ
ಗುರುತು ಬ್ಯಾಡ ಅಂತೀರಿ ಅಷ್ಟೇ 😄

ಮಿರ್ಚಿಭಜಿ
ಗುರುತಿಗೆ ಕೋಟೆ ಅದಲ್ಲ. ಸೇತುವೆಗೆ ಲೈಟ್ ಹಾಕಿದ್ರ ಮೊದಲ ಬರೋದು ಭಜಿ ಗಾಡಿ, ಆಮ್ಯಾಲ ಸೆಲ್ಫಿ, ಆಮ್ಯಾಲ ಜಾಮ್.

ಭೀಮಾ ರೈತ
ಬ್ಯಾರೇಜ್ ಮಾತು ಬಿಟ್ಟೇ ಬಿಟ್ರಲ್ಲ. ಹೆಂಗೂ ನದಿಗೆ ಅಡ್ಡ ಕಂಬ ನಿಲ್ಲಿಸ್ತೀರಿ, ಅದಕ್ಕೇ ಗೇಟ್ ಹಾಕಿದ್ರ ಬ್ಯಾಸಗಿಗೆ ಕುಡಿಯಾಕ ನೀರು, ದಂಡಿ ಬಾವಿಗೆ ಸೆಲಿ, ಪಂಪ್‌ಸೆಟ್ಟಿಗೆ ನೀರು. ಒಂದೇ ಖರ್ಚಿನಾಗ ಎರಡು ಕೆಲಸ. ಸನ್ನತಿ, ಗುರುಸಣಗಿ, ಜೋಳದಡಗಿ ಎಲ್ಲಾ ಹಂಗೇ ಆದದ್ದು.

ಗೇಟ್ ಆಪರೇಟರ್
ಕಾಕಾ, ನೀರು ನಿಲ್ತದ, ಖರೇ. ಆದ್ರ ಒಂದೇ ಖರ್ಚಿನಾಗ ಅಂತೀರಲ್ಲ, ಅದಲ್ಲ.

ಬರೇ ಸೇತುವೆಗೆ 30 ಮೀಟರಿಗೊಂದು ಕಂಬ, ದಪ್ಪ 2 ಮೀಟರ್. ನದಿಯ ಅಗಲದಾಗ ಶೇ 7ರ ಒಳಗ ಅಡ್ಡ ಬರ್ತದ. ಬ್ಯಾರೇಜಿಗೆ 12 ಮೀಟರಿನ ಗೇಟ್, ನಡುವ 2.5 ಮೀಟರ್ ಕಂಬ ಅಂತ ಹಿಡೀರಿ: 14.5ರಾಗ 2.5, ಅಂದ್ರ ಶೇ 17. ಗೇಟ್ ಪೂರಾ ಎತ್ತಿದ್ರೂ ಇಷ್ಟು ಜಾಗ ಹೋತು. ಅದರ ಜೋಡಿ ಕೆಳಗ ಕಾಂಕ್ರೀಟ್ ಹಾಸು, ನೀರಿನ ಜೋರು ಮುರಿಯೋ ಹೊಂಡ, ತಳದಾಗಿಂದ ನೀರು ಜಿನುಗದಂಗ ಅಡ್ಡಗ್ವಾಡಿ. ಬರೇ ಸೇತುವೆಗೆ ಇವ್ಯಾವೂ ಇಲ್ಲ.

ಮತ್ತ ಗೇಟಿನ ಬಾಳೇವು. ಮಳಿಗಾಲಕ್ಕ ಮೊದಲ ಮಾಡೋದು ಇಷ್ಟು: ಪ್ರತಿ ಗೇಟನ್ನ ಪೂರಾ ಎತ್ತಿ ಇಳಿಸಿ ನೋಡ್ಬೇಕು. ವೈರ್ ರೋಪಿಗೆ ಗ್ರೀಸ್, ಎಳೆ ಹರಿದಿದ್ರ ಬದಲಿ. ರಬ್ಬರ್ ಸೀಲ್ ಒಣಗಿ ಬಿರಿದಿದ್ರ ಬದಲಿ. ಡೀಸೆಲ್ ಜನರೇಟರ್ ಚಾಲೂ ಮಾಡಿ ಲೋಡ್ ಹಾಕಿ ನೋಡ್ಬೇಕು, ಯಾಕಂದ್ರ ನೀರು ಬರೋ ರಾತ್ರಿನೇ ಕರೆಂಟ್ ಹೋಗೋದು. ಗೇಟ್ ಜಾರೋ ಸಂದಿನಾಗ ಉಸುಕು, ಹೂಳು ಕೂತಿದ್ರ ತೆಗೀಬೇಕು. ಅದೊಂದು ಬಿಟ್ರ ಗೇಟ್ ನಡುವಿಗೇ ಡೊಂಕಾಗಿ ಸಿಕ್ಕೋತದ, ಎತ್ತಾಕೂ ಬರೋದಿಲ್ಲ ಇಳಿಸಾಕೂ ಬರೋದಿಲ್ಲ. ತೆಗೆಯುವಾಗ ನಡುವಿನ ಗೇಟ್ ಮೊದಲ, ಆಮ್ಯಾಲ ಎರಡೂ ಕಡಿ ಸರಿಸಮ. ಒಂದೇ ದಂಡಿಯ ಗೇಟ್ ತೆಗೆದ್ರ ಆ ದಂಡಿ ಹೊಲ ಕೊಚ್ಚಿ ಹೋಗ್ತದ.

ಭೀಮಾ ರೈತ
ಅದು ಗೇಟ್ ನೋಡ್ಕೊಳ್ಳೋರ ತಪ್ಪು, ಬ್ಯಾರೇಜಿನ ತಪ್ಪಲ್ಲ.

ಗೇಟ್ ಆಪರೇಟರ್
ಇರ್ಲಿ ಕಾಕಾ. ಆದ್ರ ಜಿಲ್ಲಾ ಕೇಂದ್ರದ ಮುಖ್ಯ ರಸ್ತಾ ಆ ಗೇಟಿನ ಮ್ಯಾಲ ಕೂತಿದ್ರ, ಗೇಟ್ ಸಿಕ್ಕೊಂಡ ದಿನ ಆಂಬುಲೆನ್ಸೂ ಆಚೆ ದಂಡಿಗೇ ಉಳೀತದ. ಮ್ಯಾಲ ಉಜನಿ, ವೀರ್ ಡ್ಯಾಮಿಂದ ಬಿಟ್ಟ ನೀರು ಇಲ್ಲಿಗೆ ಬರಾಕ ಟೈಮ್ ಹಿಡೀತದ, ಎಚ್ಚರಿಕೆ ಸಿಗ್ತದ. ಆದ್ರ ನಡುವಿನ ಹಳ್ಳಗಳ ನೀರಿಗೆ ಯಾರೂ ಫೋನ್ ಮಾಡೋದಿಲ್ಲ. ಬ್ಯಾರೇಜ್ ಬೇಕಂದ್ರ ಬ್ಯಾರೆ ಜಾಗದಾಗ ಕಟ್ಟಿ ಅದರ ಮ್ಯಾಲ ಹಳ್ಳಿ ರಸ್ತಾ ಒಯ್ರಿ. ಹೆದ್ದಾರಿ ಒಯ್ಯಬ್ಯಾಡ್ರಿ.

ವಾಡಿ ಜಂಕ್ಷನ್
ಗೇಟ್ ಆಪರೇಟರ್ ಹೇಳಿದ್ದಕ್ಕ ನನ್ನ ಓಟು. 2020ರ ಅಕ್ಟೋಬರಿನಾಗ ಘತ್ತರಗಿ, ಗಾಣಗಾಪುರ ಸೇತುವೆಗಳು ಮುಳುಗಿದ್ದು ನೆನಪದ ಅಲ್ಲ? ಅವು ಬಂದಾದ್ರ ಸುತ್ತು ಹಾಕಿ ಹೋಗಾಕ ಇನ್ನೊಂದು ದಾರಿ ಹುಡುಕಬಹುದು. ಇಲ್ಲಿ ನಾಲ್ಕು ತಾಲ್ಲೂಕಿಗೆ ಸುತ್ತು ಅಂದ್ರ ಅರ್ಧ ದಿನ. ರೈಲಿನಾಗ ಹೋಗ್ತೀವಿ ಅಂದ್ರ ಅದೂ ಇಲ್ಲ, ಕಲಬುರಗಿ-ವಾಡಿ-ಯಾದಗಿರಿ ಹಳಿ ಪೂರಾ ಈಚೆ ದಂಡಿಗೇ ಅದ. ಸಂಗಮ ದಾಟಿದ ಮ್ಯಾಲ ರಾಯಚೂರಿಗೆ ಹೋಗುವಾಗ ಕೃಷ್ಣಾ ದಾಟ್ತದ ಅಷ್ಟೇ.

ಶಹಾಪುರ ಪೇಟಿ
ಗದಗ-ವಾಡಿ ಲೈನ್ ಮುಗೀಲಿ, ಆಗ ಶಹಾಪುರಕ್ಕೇ ರೈಲು. ಯಾದಗಿರಿ ಸ್ಟೇಷನ್ ಯಾರಿಗೆ ಬೇಕು.

ಮಿರ್ಚಿಭಜಿ
ಮುಗಿದಾಗ ಹೇಳ್ರಿ, ಭಜಿ ನನ್ನ ಕಡಿಯಿಂದ.

ಎರಿಹೊಲ
ಸೇತುವೆ ಬಿಡ್ರಿ, ಎರಡೂ ಕಡಿ ಏರುರಸ್ತೆಯ ಮಾತಾಡ್ರಿ. ರೊಕ್ಕ, ಜಾಗ, ಜಗಳ ಮೂರೂ ಅಲ್ಲೇ ಇರೋದು. ರಸ್ತಾ ಎಚ್‌ಎಫ್‌ಎಲ್‌ಗಿಂತ 4 ಮೀಟರ್ ಮ್ಯಾಲ ಅಂದ್ರಿ. ದಂಡಿ ಅದಕ್ಕಿಂತ 2 ಮೀಟರ್ ತಗ್ಗಿದ್ರ ಒಟ್ಟು 6 ಮೀಟರ್ ಏರಬೇಕು. 40ಕ್ಕ 1 ಇಳಿಜಾರು ಇಟ್ರ ಒಂದೊಂದು ಕಡಿ 240 ಮೀಟರ್. ರಸ್ತೆ ಅಗಲ 12 ಮೀಟರ್ ಇಟ್ಟು, ಎರಡೂ ಮಗ್ಗಲಿಗೆ 2ಕ್ಕ 1ರ ಇಳಿಜಾರು ಬಿಟ್ರ ತಳದ ಅಗಲ 36 ಮೀಟರ್. ಊರ ಕಡಿ ಅಷ್ಟು ಜಾಗ ಎಲ್ಲಿಂದ ತರ್ತೀರಿ? ಮಣ್ಣು ತಡೆಯೋ ಆರ್‌ಇ ಗ್ವಾಡಿ ಕಟ್ಟಿದ್ರ 12-13 ಮೀಟರಿನಾಗ ಮುಗೀತದ, ಆದ್ರ ಅದರ ಹಿಂದ ತುಂಬೋ ಮಣ್ಣು ನೀರು ಬಸಿಯೋದೇ ಇರಬೇಕು.

ನಮ್ಮ ಕಡಿ ಗುತ್ತಿಗೆದಾರರು ಮಾಡೋ ದೊಡ್ಡ ತಪ್ಪು ಇಲ್ಲೇ. ಮಗ್ಗಲದಾಗೇ ಎರಿ ಮಣ್ಣು ಸಿಗ್ತದ, ಪುಗಸಟ್ಟೆ. ಅದನ್ನೇ ತುಂಬತಾರ. ಅದು ನೀರು ಕುಡಿದು ಉಬ್ಬತದ, ಬ್ಯಾಸಗಿಗೆ ಕೈ ತೂರುವಷ್ಟು ಬಿರೀತದ. ಎರಡು ಮಳಿಗಾಲಕ್ಕ ರಸ್ತಾ ಕುಸೀತದ, ಸೇತುವೆ ಇದ್ದಲ್ಲೇ ಇರ್ತದ. ನಡುವ ಮೆಟ್ಟಲಾಗ್ತದ. ಗಾಡಿ ಸೇತುವೆ ಹತ್ತುವಾಗ ನೀವು ಕೇಳೋ ಧಡ್ ಅನ್ನೋ ಸಪ್ಪಳದಾಗ ಅರ್ಧ ಇದೇ, ಜಾಯಿಂಟಿಂದಲ್ಲ. ಗರಸು ತಂದು 200 ಮಿ.ಮೀ. ಪದರಿನಾಗ ನೀರು ಹೊಡೆದು ರೋಲರ್ ಓಡಿಸ್ಬೇಕು. ಅಬಟ್‌ಮೆಂಟ್ ಗ್ವಾಡಿಗೆ (ಸೇತುವೆ ತುದಿಯ ಆಸರೆ ಗ್ವಾಡಿ) ಅಂಟಿ ರೋಲರ್ ಹೋಗೋದಿಲ್ಲ, ಅಲ್ಲಿ ಸಣ್ಣ ಪ್ಲೇಟ್ ಕಂಪ್ಯಾಕ್ಟರ್ ಬೇಕು. ಗ್ವಾಡಿಯ ತೂತು ಮುಚ್ಚಿರಬಾರದು. ಮ್ಯಾಲ ಕನಿಷ್ಠ 3.5 ಮೀಟರ್ ಉದ್ದದ ಕಾಂಕ್ರೀಟ್ ಅಪ್ರೋಚ್ ಸ್ಲ್ಯಾಬ್.

ಹಗರಟಗಿ
ಇದಕ್ಕ ಒಂದು ಕೂಡಿಸ್ತೀನಿ. ಆ 240 ಮೀಟರ್ ಏರಿ ಪ್ರವಾಹದ ಬಯಲಾಗ ಬಂತಂದ್ರ ಅದೇ ಒಂದು ಒಡ್ಡು. ನೀರು ಅದರ ಹಿಂದ ನಿಂತು ಮ್ಯಾಲಿನ ಹೊಲ, ಓಣಿ ಮುಳುಗಿಸ್ತದ. ಏರಿಯ ಕೆಳಗ ನೀರು ದಾಟೋ ಬಾಕ್ಸ್ ಕಲ್ವರ್ಟ್ ಬಿಡ್ಬೇಕು, ಇಲ್ಲಂದ್ರ ಸೇತುವೆಗೇ ಎರಡು ಸ್ಪ್ಯಾನ್ ಹೆಚ್ಚಿಗಿ ಹಾಕ್ಬೇಕು.

ಸಗರನಾಡಿನವ
ಜಾಯಿಂಟ್ ಸಪ್ಪಳದಾಗ ಉಳಿದರ್ಧ ಏನು ಹಂಗಾದ್ರ?

ನಟ್ಟುಬೋಲ್ಟು
ಉಳಿದರ್ಧ ಖರೇನೇ ಜಾಯಿಂಟು. ಯಾವುದರೆ ಹಳೇ ಸೇತುವೆ ಮ್ಯಾಲ ಬಗ್ಗಿ ನೋಡ್ರಿ. ಎರಡು ಉಕ್ಕಿನ ಪಟ್ಟಿ, ನಡುವ ವಿ ಆಕಾರದ ಕರೇ ರಬ್ಬರ್, ಇದಕ್ಕ ಸ್ಟ್ರಿಪ್ ಸೀಲ್ ಅಂತಾರ. 80 ಮಿ.ಮೀ. ತನಕ ಅಲುಗಾಟ ತಾಳ್ತದ. ಆ ವಿ ಒಳಗ ಉಸುಕು, ಖಡಿ, ಗುಟ್ಕಾ ಚೀಟಿ ತುಂಬಿ ಗಟ್ಟಿಯಾಗಿರ್ತದ. ಬ್ಯಾಸಗಿಗೆ ಸ್ಲ್ಯಾಬ್ ಹಿಗ್ಗತದ, ಜಾಗ ಇಲ್ಲ, ಒಳಗಿನ ಖಡಿ ರಬ್ಬರನ್ನ ಹರಿದು ಕೆಳಕ್ಕ ತಳ್ಳತದ. ಸೇತುವೆ ಕೆಳಗಿಂದ ನೋಡಿದ್ರ ಹರಿದ ಸೈಕಲ್ ಟ್ಯೂಬಿನ ಹಂಗ ಜೋತಾಡ್ತಿರ್ತದ. ಅಲ್ಲಿಂದ ನೀರು ಇಳಿದು ಕಂಬದ ತಲಿ ಮ್ಯಾಲ ನಿಲ್ತದ, ಬಿಳೇ ಸುಣ್ಣದ ಗೆರಿ, ಪಕ್ಕಕ್ಕ ಕೆಂಪು ತುಕ್ಕಿನ ಗೆರಿ. ಆಮ್ಯಾಲ ಕಂಬಕ್ಕೂ ಗರ್ಡರಿಗೂ ನಡುವಿನ ಬೇರಿಂಗ್ ಹಾಳು.

ಎಷ್ಟು ಹಿಗ್ಗತದ ಅಂದ್ರ: 30 ಮೀಟರ್ ಸ್ಪ್ಯಾನ್, ಚಳಿಗಾಲಕ್ಕೂ ಬ್ಯಾಸಗಿಗೂ ಕಾಂಕ್ರೀಟಿನಾಗ 30 ಡಿಗ್ರಿ ವ್ಯತ್ಯಾಸ ಹಿಡಿದ್ರ ಸುಮಾರು 11 ಮಿ.ಮೀ. ನಾಲ್ಕು ಸ್ಪ್ಯಾನ್ ಕೂಡಿಸಿ ಒಂದೇ ಜಾಯಿಂಟ್ ಇಟ್ರ 43. ನಮ್ಮ ಭಾಗದ ಬಿಸಲಿಗೆ ಇದನ್ನ ಕಡಿಮಿ ಅನ್ಕೋಬ್ಯಾಡ್ರಿ.

ಇದಕ್ಕಿಂತ ಕೆಟ್ಟದ್ದು ಡಾಂಬರ್ ಮ್ಯಾಲ ಡಾಂಬರ್. ಹಳೇದು ಕೆತ್ತದೆ 50 ಮಿ.ಮೀ. ಹೊಸಾದು ಹಾಕ್ತಾರ. 7.5 ಮೀಟರ್ ಅಗಲ, 30 ಮೀಟರ್ ಉದ್ದಕ್ಕ ಅದು 26 ಟನ್. ಪ್ರತಿ ಸ್ಪ್ಯಾನ್ ಮ್ಯಾಲ 26 ಟನ್ ಕಾಯಂ ನಿಂತಂಗ. ಜಾಯಿಂಟ್ ಮುಚ್ಚಿ ಹೋಗ್ತದ, ನೀರು ಹೋಗೋ ಪೈಪಿನ ಬಾಯಿ ತಗ್ಗಿನಾಗ ಉಳೀತದ, ಮಳಿ ಬಂದ್ರ ಸೇತುವೆ ಮ್ಯಾಲೇ ಕೆರಿ.

ಫರಸಿಕಲ್ಲು
ಉಸುಕಿನ ಮಾತು ಯಾರೂ ಎತ್ತಲಿಲ್ಲ. ಬೇಕಂತಲೇನು?

ವಾಡಿ ಜಂಕ್ಷನ್
ಎತ್ತಿದ್ರ ಥ್ರೆಡ್ ಲಾಕ್ ಆಗ್ತದ 😂

ಫರಸಿಕಲ್ಲು
ನಿಯಮ ಅಷ್ಟು ಹೇಳ್ತೀನಿ. ಕೇಂದ್ರದ ಉಸುಕು ಗಣಿಗಾರಿಕೆ ಮಾರ್ಗಸೂಚಿ ಪ್ರಕಾರ ಸೇತುವೆಯ ಮ್ಯಾಲಿನ ಕಡಿ ಸ್ಪ್ಯಾನಿನ 5 ಪಟ್ಟು, ಕನಿಷ್ಠ 250 ಮೀಟರ್. ಕೆಳಗಿನ ಕಡಿ 10 ಪಟ್ಟು, ಕನಿಷ್ಠ 500 ಮೀಟರ್ ಉಸುಕು ಎತ್ತಬಾರದು. ಕೆಳಗಿನ ಕಡಿಗೆ ಹೆಚ್ಚು ಯಾಕಂದ್ರ ಅಲ್ಲಿ ತೋಡಿದ ತಗ್ಗು ನೀರಿನ ಹೊಡೆತಕ್ಕ ಹಿಂದಕ್ಕ ಹಿಂದಕ್ಕ ಕೊರಕೋತ ಕಂಬದ ಬುಡಕ್ಕ ಬರ್ತದ. ಉಸುಕಿನ ತಳ ಇದ್ದಲ್ಲಿ ಕಂಬದ ಹತ್ರ ಕೊರೆತ ಸರಾಸರಿಗಿಂತ ಎರಡು ಪಟ್ಟು ಅಂತ ಲೆಕ್ಕ ಹಾಕ್ತಾರ, ಪ್ರವಾಹ ಮಟ್ಟದಿಂದ ಕೆಳಕ್ಕ ಅಳೆದು. ಭೀಮಾದಂಥ ದೊಡ್ಡ ಜಲಾನಯನಕ್ಕ ಅಡಿಪಾಯದ ಲೆಕ್ಕದಾಗ ಇನ್ನೂ ಶೇ 10 ನೀರು ಹೆಚ್ಚಿಗಿ ಹಿಡೀತಾರ. ಆದ್ರ ಆ ಲೆಕ್ಕ ಹಾಕಿದ್ದು ಅವತ್ತಿನ ತಳಕ್ಕ. ತಳನೇ 2 ಮೀಟರ್ ಇಳಿಸಿದ್ರ ಲೆಕ್ಕ ಹಾಳಿ ಮ್ಯಾಲ ಉಳೀತು.

ಅಕ್ಕಮ್ಮ ವಡಗೇರಾ
ನೀರಿಳಿದ ಮ್ಯಾಲ ಮುಳುಗಿದ ಸೇತುವೆ ಯಾವಾಗ ಬಿಡಬಹುದು? ಪ್ರತಿ ಸಲ "ನೀರು ಇಳೀತು, ಬಿಡ್ರಿ" ಅಂತ ಮಂದಿ ಬ್ಯಾರಿಕೇಡ್ ತಾವೇ ಸರಸ್ತಾರ.

ನಟ್ಟುಬೋಲ್ಟು
ಅಕ್ಕಾರ, ನೀರು ಸ್ಲ್ಯಾಬಿಗಿಂತ ಕೆಳಗ ಹೋದ್ರ ಸಾಲದು. ಮೊದಲ ಏರುರಸ್ತೆಯ ಮಗ್ಗಲು ನೋಡ್ಬೇಕು: ಡಾಂಬರ್ ಮ್ಯಾಲ ಚಂದ ಇರ್ತದ, ಕೆಳಗಿನ ಮಣ್ಣು ಹೋಗಿರ್ತದ. ಗುದ್ದಲಿ ಹಿಡಿಯಿಂದ ಕುಟ್ಟಿದ್ರ ಪೊಳ್ಳು ಸಪ್ಪಳ ಬರ್ತದ. ಆಮ್ಯಾಲ ಕಂಬಕ್ಕ ಸಿಕ್ಕ ಗಿಡ, ಕಸ ತೆಗೀಬೇಕು. ಕಂಬದ ಬುಡದಾಗ ಉದ್ದ ಗಳ ಇಲ್ಲಾ ತೂಕ ಕಟ್ಟಿದ ಹಗ್ಗ ಇಳಿಸಿ ಆಳ ಅಳೆದು ಹಿಂದಿನ ಅಳತೆಗೆ ಹೋಲಿಸ್ಬೇಕು. ಕಟಕಟೆಯ ಮ್ಯಾಲ ಒಂದು ಕಣ್ಣಿಟ್ಟು ಉದ್ದಕ್ಕ ನೋಡಿದ್ರ ಯಾವುದರೆ ಸ್ಪ್ಯಾನ್ ಇಳಿದಿದ್ರ, ಸರಿದಿದ್ರ ಗೊತ್ತಾಗ್ತದ. ಇಷ್ಟಾದ ಮ್ಯಾಲ ಮೊದಲ ಬೈಕ್, ಕಾರು. ಲಾರಿ ಎಲ್ಲಾಕ್ಕಿಂತ ಕಡೀಗೆ.

ಸಗರನಾಡಿನವ
ಹಂಗಾದ್ರ ನನ್ನ ಪ್ರಕಾರ ಇಷ್ಟು: ಊರಿಗೆ ಬರೇ ಎತ್ತರದ ಸೇತುವೆ, ಬ್ಯಾರೇಜ್ ಬ್ಯಾರೆ ಕಡಿ, ಅದಕ್ಕೂ ಮೊದಲ ಈಗಿನ ಜಾಯಿಂಟ್ ರಿಪೇರಿ. ಭೀಮಾ ರೈತ ಕಾಕಾ ಒಪ್ಪೋದಿಲ್ಲ ಬಿಡ್ರಿ. ಜಾಯಿಂಟ್ ರಿಪೇರಿಗೆ ಸೇತುವೆ ಪೂರಾ ಬಂದ್ ಮಾಡ್ಬೇಕಾ?

ಭೀಮಾ ರೈತ
ಒಪ್ಪೋದಿಲ್ಲ. ಏಪ್ರಿಲಿನಾಗ ಬಂದು ಬಾವಿ ನೋಡ್ರಿ, ಆಮ್ಯಾಲ ಮಾತಾಡೋಣ.

ನಟ್ಟುಬೋಲ್ಟು
ಪೂರಾ ಬಂದ್ ಬ್ಯಾಡ. ಅರ್ಧ ಅಗಲ ಮುಚ್ಚಿ ಅರ್ಧ ಬಿಡ್ತಾರ, ಎರಡೂ ತುದಿಗೆ ಕೆಂಪು-ಹಸಿರು ಝಂಡಾ ಹಿಡಿದು ಒಬ್ಬೊಬ್ಬರು. ಹಳೇ ಕಾಂಕ್ರೀಟ್ ಒಡೆದು ಸರಳು ಬಿಡಿಸಿ, ಹೊಸ ಉಕ್ಕಿನ ಪಟ್ಟಿ ರಸ್ತೆ ಮಟ್ಟಕ್ಕಿಂತ 2-3 ಮಿ.ಮೀ. ಕೆಳಗ ಕೂರಿಸಿ ಸರಳಿಗೆ ವೆಲ್ಡ್ ಮಾಡಿ, ಬೇಗ ಗಟ್ಟಿಯಾಗೋ ಕಾಂಕ್ರೀಟ್ ಹೊಯ್ತಾರ. ಆ ಕಡಿ ಗಟ್ಟಿಯಾದ ಮ್ಯಾಲ ಈ ಕಡಿ. ರಬ್ಬರ್ ಮಾತ್ರ ಎರಡೂ ಕಡಿ ಮುಗಿದ ಮ್ಯಾಲ, ನಡುವ ತುಂಡಿಲ್ಲದಂಗ ಒಂದೇ ಉದ್ದದ್ದು. ತುಂಡು ಜೋಡಿಸಿದ್ರ ಮೊದಲ ಸೋರೋದು ಆ ಜೋಡಣೆನೇ.

ಇನ್ನೊಂದು: ಮೇ ತಿಂಗಳ ಮಧ್ಯಾಹ್ನ ಪಟ್ಟಿ ಕೂರಿಸಿದ್ರ ಸ್ಲ್ಯಾಬ್ ಆಗಲೇ ಪೂರಾ ಹಿಗ್ಗಿರ್ತದ, ನಡುವಿನ ಅಂತರ ಸಣ್ಣದಿಡಬೇಕು. ಅವತ್ತೇ ಅಗಲ ಬಿಟ್ರ ಡಿಸೆಂಬರಿನಾಗ ಇನ್ನೂ ಬಾಯಿ ತೆರೆದು ರಬ್ಬರ್ ಕಿತ್ತು ಬರ್ತದ. ಫೆಬ್ರುವರಿಯಾಗ ಮುಂಜಾನೆ ಮಾಡಿದ್ರ ಈ ತಲಿಬ್ಯಾನಿ ಕಡಿಮಿ.

ಶಹಾಪುರ ಪೇಟಿ
ಫೆಬ್ರುವರಿ ಅಂದ್ರ ಬಿಲ್ ಮಾರ್ಚಿನಾಗ. ಇಲಾಖೆಯವರಿಗೂ ಬರೋಬ್ಬರಿ ಟೈಮು.